ಬೀಸುಬಲೆ, ಎಳೆಬಲೆ, ರಂಪಣಿ: ಬೈಬಲಿನ ಎರಡು ಬಲೆಗಳಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಎರಡು ಪದ ಬೇಕು. ಜೂನ್ 29ಕ್ಕೆ ನಮ್ಮ ಚರ್ಚಿನಲ್ಲಿ ಸಂತ ಪೇತ್ರ, ಪೌಲರ ಹಬ್ಬ. ಮೀನುಗಾರಿಕೆ ನಿಂತಿರುವ ಸಮಯ, ದೋಣಿಗಳೆಲ್ಲ ದಡದಲ್ಲಿವೆ. ಹಾಗಾಗಿ ಹಳೇ ಬಲೆ, ಗಾಳ ಎಲ್ಲ ತಂದು ಜೋಡಿಸಿ, ಬೈಬಲಿನಲ್ಲಿ ಅವುಗಳ ಅರ್ಥವೇನು ಅಂತ ಪಕ್ಕದಲ್ಲಿ ಫಲಕ ಇಡುತ್ತಿದ್ದೇವೆ. ನಾಳೆ ಸಂಜೆಯೊಳಗೆ ಪೇಂಟರ್‌ಗೆ ಬರಹ ಕೊಡಬೇಕು.

ಮತ್ತಾಯ 4:18ರಲ್ಲಿ ಪೇತ್ರ, ಅಂದ್ರೆಯ ಬೀಸುತ್ತಿದ್ದ ಬಲೆ ಗ್ರೀಕಿನಲ್ಲಿ ಆಂಫಿಬ್ಲೆಸ್ಟ್ರೊನ್. 13:47ರಲ್ಲಿ ಪರಲೋಕ ರಾಜ್ಯವನ್ನು ಬಲೆಗೆ ಹೋಲಿಸುವ ಸಾಮತಿಯಲ್ಲಿ (ದೃಷ್ಟಾಂತದಲ್ಲಿ) ಬರುವುದು ಸಗೇನೆ. ನನ್ನ ಹತ್ತಿರ ಇರುವ ಕನ್ನಡ ಬೈಬಲಿನಲ್ಲಿ ಎರಡೂ ಬರೀ ‘ಬಲೆ’. ಬೇರೆ ಬೇರೆ ಪದ ಕೊಡಿ. ಚಿಕ್ಕದಾಗಿರಲಿ.

ಮೈಸೂರಿನಿಂದ:
ಕ್ಷೇಪಜಾಲ, ಕರ್ಷಜಾಲ. ಎರಡೂ ಒಂದೇ ಅಚ್ಚಿನವು. ಧರ್ಮಗ್ರಂಥದ ಮಾತಿಗೆ ಇಷ್ಟು ಗಾಂಭೀರ್ಯ ಬೇಕು.

ಧಾರವಾಡದಿಂದ:
ಬೇಡ. ಇವನ್ನು ಯಾರೂ ಓದಿ ತಿಳಿಯಲಾರರು. ತಮಿಳಿನ ವಲೈ, ತೆಲುಗಿನ ವಲ, ನಮ್ಮ ಬಲೆ. ವಕಾರ ಬಕಾರವಾಗಿ ನಮ್ಮಲ್ಲೇ ಬೆಳೆದ ಪದ ಇರುವಾಗ ಜಾಲದ ಹಂಗು ಯಾಕೆ? ಬೀಸುಕಲ್ಲು, ಸುಡುಗಾಡು ಇದ್ದ ಹಾಗೆ ಬೀಸುಬಲೆ, ಎಳೆಬಲೆ. ಮುಗಿಯಿತು.

ಮೈಸೂರಿನಿಂದ:
ಮುಗಿಯಲಿಲ್ಲ. ಎಳೆ ಅಂದರೆ ನೂಲಿನ ಎಳೆಯೂ ಹೌದು. ಬಲೆಯ ಮಾತಿನಲ್ಲಿ ಮೊದಲು ಹೊಳೆಯುವುದೇ ಅದು.

ಮಲ್ಪೆಯಿಂದ:
ಮಾರಾಯ್ರೆ, ಇರುವ ಪದ ಬಿಟ್ಟು ಹೊಸದು ಯಾಕೆ ಕಟ್ಟುತ್ತೀರಿ? ಬೀಸುಬಲೆ ಸರಿ. ದುಂಡಗಿನ ಬಲೆ, ಅಂಚಿಗೆ ಭಾರದ ಗುಂಡು, ಒಬ್ಬನೇ ನಿಂತು ಬೀಸುವುದು.

ಇನ್ನೊಂದಕ್ಕೆ 13:48 ಓದಿ. ಬಲೆ ತುಂಬಿದ ಮೇಲೆ ದಡಕ್ಕೆ ಎಳೆದರು, ಕೂತರು, ಒಳ್ಳೆಯದನ್ನು ಪಾತ್ರೆಗೆ ತುಂಬಿದರು, ಆಗದ್ದನ್ನು ಬಿಸಾಡಿದರು. ಇದು ಪೂರಾ ರಂಪಣಿ ಕೆಲಸ. ದೋಣಿಯಲ್ಲಿ ಹೋಗಿ ಅರ್ಧ ಸುತ್ತು ಬಲೆ ಬಿಡುತ್ತಾರೆ. ಎರಡೂ ತುದಿಯ ಹಗ್ಗ ದಡಕ್ಕೆ ತಂದು, ತುಂಬಾ ಜನ ಸೇರಿ ಎಳೆಯುತ್ತಾರೆ. ಮೇಲಂಚು ತೇಲುತ್ತದೆ, ಕೆಳಂಚು ತಳ ಸವರಿಕೊಂಡು ಬರುತ್ತದೆ. ಬಂಗುಡೆ, ಬೂತಾಯಿ, ಏಡಿ, ಕಸ ಎಲ್ಲ ಒಟ್ಟಿಗೆ. ಬಲೆ ಯಾವುದನ್ನೂ ಆರಿಸುವುದಿಲ್ಲ. ಆರಿಸುವುದು ದಡದಲ್ಲಿ ಕೂತ ಮೇಲೆ. ಸಾಮತಿಯ ಅರ್ಥ ನಿಂತಿರುವುದೇ ಇದರ ಮೇಲೆ: ಈಗ ಎಲ್ಲರೂ ಒಳಗೆ, ವಿಂಗಡಣೆ ಲೋಕಾಂತ್ಯದಲ್ಲಿ, ಅದೂ ದೇವದೂತರ ಕೈಯಲ್ಲಿ. ಬರೀ ‘ಬಲೆ’ ಅಂದರೆ ಇದು ಕಾಣುವುದೇ ಇಲ್ಲ.

ಗಲಿಲೇಯದವರಿಗೆ ಆರಿಸಲು ಇನ್ನೊಂದು ಕಾರಣವೂ ಇತ್ತು. ರೆಕ್ಕೆ, ಪೊರೆ ಇಲ್ಲದ ಮೀನನ್ನು ಯೆಹೂದ್ಯರು ತಿನ್ನುವಂತಿಲ್ಲ. ಯಾಜಕಕಾಂಡ 11ರಲ್ಲಿದೆ.

ಧಾರವಾಡದಿಂದ:
ರಂಪಣಿ ಕನ್ನಡವಲ್ಲ. ಗೋವಾದಲ್ಲಿ ಈ ಬಲೆಗೆ ರಾಂಪಣ್ ಅನ್ನುತ್ತಾರೆ. ಕೊಂಕಣಿಯ ಪದವನ್ನು ಕನ್ನಡದ ಬೈಬಲಿಗೆ ಯಾಕೆ ತರಬೇಕು? ಬಳ್ಳಾರಿಯ ಓದುಗನಿಗೆ ರಂಪಣಿ ಅಂದರೆ ರಂಪ ನೆನಪಾಗುತ್ತದೆ. ಎಳೆಬಲೆ ಯಾವ ಊರಿನವನಿಗೂ ತಿಳಿಯುತ್ತದೆ. ಪ್ರತಿ ಕಸುಬಿಗೂ ಪಕ್ಕದ ಭಾಷೆಯಿಂದ ಪದ ತರುತ್ತಾ ಹೋದರೆ ನಾವು ಪದ ಕಟ್ಟುವುದನ್ನೇ ಮರೆಯುತ್ತೇವೆ.

ಮಲ್ಪೆಯಿಂದ:
ಚಾವಿ, ಪಾದ್ರಿ, ಇಗರ್ಜಿ (ಚರ್ಚು) ಪೋರ್ಚುಗೀಸಿನವು. ಅವನ್ನೂ ತೆಗೆಯುತ್ತೀರಾ? ಗ್ರೀಕಿನ ಸಗೇನೆಯೇ ಲ್ಯಾಟಿನ್ನಿಗೆ ಹೋಗಿ, ಅಲ್ಲಿಂದ ಫ್ರೆಂಚಿಗೆ, ಇಂಗ್ಲಿಷಿಗೆ ಸೇನ್ ಆಗಿ ಬಂತು. ಮೀನಿನ ಗುಂಪನ್ನು ಸುತ್ತುವರಿದು ಅಡಿಯನ್ನು ಬಿಗಿಯುವ ಪರ್ಸ್ ಸೀನ್ ಬಲೆಯ ದೋಣಿಯವರ ಬಾಯಲ್ಲಿ ಅದೇ ಪದ ಇವತ್ತು ನಮ್ಮ ಬಂದರಿನಲ್ಲೂ ಇದೆ. ಆ ದೋಣಿಗಳು ಬಂದ ಮೇಲೆ ರಂಪಣಿಯೇ ಕಡಿಮೆಯಾಯಿತು. ಈಗ ಪದವನ್ನೂ ಬಿಡಿ ಅನ್ನುತ್ತೀರಿ. ಇದನ್ನು ಎಳೆದು ಬದುಕಿದವರ ಮಾತು ಕನ್ನಡವಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರಿನಿಂದ:
ಪದ ಯಾವುದೇ ಇರಲಿ, ಫಲಕದಲ್ಲಿ ಕ್ರಿಯಾಪದದ ಕಡೆ ಗಮನ ಕೊಡಿ. ಪತ್ರಿಕೆಯಲ್ಲಿ ಪೊಲೀಸರು ಕಳ್ಳನಿಗೆ ‘ಬಲೆ ಬೀಸಿದ್ದಾರೆ’. ಹುಡುಗಿಗೆ ‘ಗಾಳ ಹಾಕಿದ’ ಅಂತೀವಿ. ನಮ್ಮಲ್ಲಿ ಬಲೆ, ಗಾಳ ಎರಡೂ ಮೋಸದ ಕಡೆಗೇ ವಾಲುತ್ತವೆ. ‘ಮನುಷ್ಯರನ್ನು ಹಿಡಿಯುವ ಬೆಸ್ತರು’ ಅಂತ ಸುಮ್ನೆ ಬರೆದರೆ ತಪ್ಪಾಗಿ ಕೇಳುತ್ತದೆ, ಅಲ್ವಾ? ಲೂಕ 5:10ರಲ್ಲಿ ‘ಹಿಡಿಯುವುದು’ ಅನ್ನುವುದಕ್ಕೆ ಗ್ರೀಕಿನಲ್ಲಿರುವ ಪದಕ್ಕೆ ಜೀವಂತ ಹಿಡಿಯುವುದು, ಕೊಲ್ಲದೆ ಉಳಿಸುವುದು ಅಂತ ಅರ್ಥ. ‘ಜೀವಂತ’ ಅನ್ನುವ ಮಾತು ಫಲಕದಲ್ಲಿ ಇರಲೇಬೇಕು.

ಹಬಕ್ಕೂಕ 1:15 ಕೂಡ ನೋಡಿ. ಹಳೇ ಗ್ರೀಕ್ ಅನುವಾದದಲ್ಲಿ ಗಾಳ, ಬೀಸುವ ಬಲೆ, ಸಗೇನೆ ಮೂರೂ ಆ ಒಂದೇ ವಚನದಲ್ಲಿವೆ. ಅಲ್ಲಿ ಬಲೆ ಹಿಡಿದವನು ಜನಾಂಗಗಳನ್ನು ಬಾಚಿಕೊಳ್ಳುವ ಕಸ್ದೀಯ, ಅಂದರೆ ಬಾಬಿಲೋನಿನವನು. ಮುಂದಿನ ವಚನದಲ್ಲಿ ತನ್ನ ಬಲೆಗೇ ಬಲಿ ಕೊಡುತ್ತಾನೆ. ಅದೇ ಬಲೆ ಸುವಾರ್ತೆಯಲ್ಲಿ ಪರಲೋಕ ರಾಜ್ಯಕ್ಕೆ ಹೋಲಿಕೆಯಾಗುತ್ತದೆ. ಎರಡು ಫಲಕ ಪಕ್ಕಪಕ್ಕ ಇಟ್ಟರೆ ಬಹಳ ಚೆನ್ನಾಗಿರುತ್ತದೆ.

ಕೇಳಿದವರಿಂದ:
ತುಂಬಾ ಧನ್ಯವಾದ. ಒಂದಕ್ಕೆ ‘ಬೀಸುಬಲೆ’, ಇನ್ನೊಂದಕ್ಕೆ ‘ರಂಪಣಿ’ ಬರೆಸುತ್ತೇನೆ. ಓದುವವರು ನಮ್ಮ ಕೇರಿಯವರೇ, ಅವರಿಗೆ ಬೇರೆ ಹೆಸರು ಹೇಳಿದರೆ ನನ್ನನ್ನೇ ತಿದ್ದುತ್ತಾರೆ. ‘ಜೀವಂತ ಹಿಡಿಯುವವರು’ ಅಂತಲೂ ಸೇರಿಸಿದೆ. ಹಬಕ್ಕೂಕನ ಮಾತಿಗೆ ಇನ್ನೊಂದು ಹಲಗೆ ಕೇಳಿದ್ದೇನೆ. ಗಾಳದ ಫಲಕ ಮೊದಲೇ ಆಗಿದೆ. ಹೊಸ ಒಡಂಬಡಿಕೆಯಲ್ಲಿ ಗಾಳ ಬರುವುದು ಒಂದೇ ಕಡೆ, ಮತ್ತಾಯ 17:27ರಲ್ಲಿ. ಗಾಳ ಹಾಕು, ಮೀನಿನ ಬಾಯಲ್ಲಿ ನಾಣ್ಯ ಸಿಗುತ್ತದೆ, ಅದರಿಂದ ನಮ್ಮಿಬ್ಬರ ದೇವಾಲಯದ ತೆರಿಗೆ ಕೊಡು ಅಂತ ಯೇಸು ಪೇತ್ರನಿಗೆ ಹೇಳುತ್ತಾನೆ.

ಧಾರವಾಡದಿಂದ:
ನಿಮ್ಮೂರಿನ ಫಲಕಕ್ಕೆ ಸರಿ. ಅಚ್ಚಾಗುವ ಅನುವಾದದಲ್ಲಿ ಎಳೆಬಲೆಯೇ ಇರಬೇಕು. ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ.