ಕೆನ್ನೆಯ ನೋವು ಸೈನಸ್‌ನದೋ, ದವಡೆಯದೋ?

ಮುಧೋಳದಿಂದ:
ಎರಡು ವರ್ಷಗಳಿಂದ ನನ್ನ ಎಡಗೆನ್ನೆ ಭಾರವಾಗಿ, ಕಿವಿ ಕಟ್ಟಿದಂತಾಗುತ್ತದೆ. ಸೈನಸ್ ಎಂದು ಹಲವು ಸಲ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೇನೆ. ಈಗ ದಂತವೈದ್ಯರು ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ, ದವಡೆಯ ಕೀಲಿನಲ್ಲಿ ದೋಷವಿದೆ ಎನ್ನುತ್ತಾರೆ. ದವಡೆಯಿಂದ ಸೈನಸ್ ತೊಂದರೆ ಬರುವುದುಂಟೇ? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ವಿಜಯಪುರದಿಂದ:
ತಂಗೀ, ಇದೇ ನೋವಿನಲ್ಲಿ ನಾನು ಮೂರು ಚಳಿಗಾಲ ಕಳೆದಿದ್ದೇನೆ. ಸೈನಸ್ ಎಂದರೆ ಮುಖದ ಎಲುಬಿನೊಳಗಿನ ಗಾಳಿ ತುಂಬಿದ ಪೊಳ್ಳು. ದವಡೆಯ ಕೀಲು ಸೈನಸ್‌ಗೆ ಸೋಂಕು ತರುವುದಿಲ್ಲ, ಆದರೆ ಸೈನಸ್ ಇರುವ ಜಾಗದಲ್ಲಿಯೇ ನೋವು ತೋರಿಸುತ್ತದೆ. ಅಗಿಯುವ ಸ್ನಾಯು ಕೆನ್ನೆಯ ಎಲುಬಿನಿಂದ ಕೆಳದವಡೆಯವರೆಗೆ ಹಬ್ಬಿರುವುದರಿಂದ, ಅದು ಬಿಗಿದುಕೊಂಡಾಗ ನೋವು ಕೆನ್ನೆಗೂ ಮೇಲಿನ ದವಡೆಹಲ್ಲುಗಳಿಗೂ ಕಿವಿಗೂ ಹರಿಯುತ್ತದೆ. ಆ ಭಾಗದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ನರ ಬಹುಮಟ್ಟಿಗೆ ಒಂದೇ ಆದ್ದರಿಂದ ಮೂಲ ಎಲ್ಲಿದೆಯೆಂದು ನಮಗೆ ಗೊತ್ತಾಗುವುದಿಲ್ಲ. 1934ರಲ್ಲಿಯೇ ಜೇಮ್ಸ್ ಕಾಸ್ಟನ್ ಎಂಬ ಅಮೆರಿಕದ ಇ.ಎನ್.ಟಿ. ವೈದ್ಯರು ಕಿವಿ ಹಾಗೂ ಸೈನಸ್ ಲಕ್ಷಣಗಳನ್ನು ಈ ಕೀಲಿಗೆ ಜೋಡಿಸಿ ಬರೆದಿದ್ದರು. ಹಿಂಬದಿಯ ಹಲ್ಲುಗಳು ಹೋಗಿ ಕಚ್ಚು (ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ರೀತಿ) ಕುಸಿಯುವುದೇ ಕಾರಣವೆಂಬ ಅವರ ವಿವರಣೆ ಮಾತ್ರ ಮುಂದೆ ನಿಲ್ಲಲಿಲ್ಲ.

ನನಗೆ ಸುಳಿವು ಸಿಕ್ಕಿದ್ದು ಊಟದಲ್ಲಿ. ಒಣಗಿ ಗಟ್ಟಿಯಾದ ಕಟಕ ರೊಟ್ಟಿ ತಿಂದ ದಿನ ನೋವು ಹೆಚ್ಚುತ್ತಿತ್ತು, ಆಕಳಿಸಿದರೆ ಕಿವಿಯ ಮುಂದೆ ಟಕ್ಕೆನ್ನುತ್ತಿತ್ತು, ಮೂಗು ಮಾತ್ರ ಸ್ವಚ್ಛವಾಗಿಯೇ ಇತ್ತು. ಮೂಗು ಕಟ್ಟದೆ, ಗಟ್ಟಿ ಸಿಂಬಳ ಬಾರದೆ, ವಾಸನೆಯೂ ಕುಂದದೆ ಇರುವಾಗ ಸೈನಸ್ ಎಂದೇ ಔಷಧ ಮುಂದುವರಿಸುವುದು ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ. ಬಿಸಿ ಬಟ್ಟೆಯ ಶಾಖ, ರೊಟ್ಟಿಯ ಬದಲು ಮೆತ್ತಗಿನ ಮುಟಗಿ, ರಾತ್ರಿ ಹಲ್ಲು ಕಡಿಯುವ ನನಗೆ ಮಾಡಿಸಿದ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ), ಇವುಗಳಿಂದ ಎರಡು ತಿಂಗಳಲ್ಲಿ ಬಹಳ ಇಳಿಯಿತು. ಹಲ್ಲುಗಳನ್ನು ಉಜ್ಜಿ ಕಚ್ಚು ಸರಿಪಡಿಸೋಣವೆಂದು ಯಾರಾದರೂ ಹೇಳಿದರೆ ಅವಸರದಿಂದ ಒಪ್ಪಬೇಡಿರಿ. ಉಜ್ಜಿದ ಹಲ್ಲು ಮರಳಿ ಬೆಳೆಯುವುದಿಲ್ಲ.

ಬೆಳಗಾವಿಯಿಂದ:
ಅಕ್ಕನವರು ಹೇಳಿದ್ದು ಸರಿ, ಆದರೆ ಹುಳುಕು ಹಲ್ಲಿನಿಂದ ನಿಜವಾದ ಸೈನಸ್ ಸೋಂಕೂ ಬರುತ್ತದೆ. ಮೇಲಿನ ದವಡೆಹಲ್ಲುಗಳ ಬೇರಿಗೂ ಕೆನ್ನೆಯ ಸೈನಸ್‌ನ ತಳಕ್ಕೂ ನಡುವೆ ತೆಳುವಾದ ಎಲುಬಷ್ಟೇ ಇರುತ್ತದೆ. ನಮ್ಮ ತಂದೆಯವರಿಗೆ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿತ್ತು. ಹಲ್ಲು ಒಮ್ಮೆಯೂ ನೋಯಲಿಲ್ಲ. ಹಿಂದೆಂದೋ ಕ್ಯಾಪ್ ಹಾಕಿಸಿದ್ದ ಹಲ್ಲಿನ ಬೇರಿನ ತುದಿಯಲ್ಲಿ ಕೀವು ಇದ್ದುದು ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡಿತು, ಆ ಹಲ್ಲು ಕೀಳಿಸಿದ ಮೇಲೆಯೇ ಮೂಗು ತಿಳಿಯಾಯಿತು. ನಿಮ್ಮದೂ ಒಂದೇ ಬದಿಯ ನೋವಾದ್ದರಿಂದ, ಸ್ಕ್ಯಾನ್ ಮಾಡಿಸಿದರೆ ಇ.ಎನ್.ಟಿ. ವೈದ್ಯರಿಗೂ ದಂತವೈದ್ಯರಿಗೂ ತೋರಿಸಿರಿ.