ಡ್ರೈವರ್ ಕೋಡ್ ಪರಿಶೀಲನೆ: ಶನಿವಾರ ಸಂಜೆಯ ಪ್ರಶ್ನೋತ್ತರ

ನಿರ್ವಾಹಕರು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಲಿನಕ್ಸ್ ಬೋರ್ಡುಗಳ ಮೇಲೆ ಕೆಲಸ ಮಾಡುವವರ ಗುಂಪು ಇದು. ಡಿವೈಸ್ ಡ್ರೈವರ್‌ಗಳಲ್ಲಿ (ಸೆನ್ಸರ್‌ನಂಥ ಸಾಧನವನ್ನು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಜೋಡಿಸುವ ಕೋಡ್) ಲಾಕ್ (ಒಂದೇ ಡೇಟಾವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಮಾಡುವ ಬೀಗ) ಮತ್ತು ಮೆಮೊರಿ ದೋಷಗಳನ್ನು ಹುಡುಕುವ ಬಗ್ಗೆ ಇಂದು ಮೇಡಂ ಉತ್ತರಿಸುತ್ತಾರೆ. ಊರಿನ ಹೆಸರು ಹಾಕಿ ಕೇಳಿ.

ವಿದ್ಯಾನಗರ, ಹುಬ್ಬಳ್ಳಿ: ಮೇಡಂ, ಸ್ಪಿನ್‌ಲಾಕ್ ಯಾವಾಗ ಬಳಸಬೇಕು, ಮ್ಯೂಟೆಕ್ಸ್ ಯಾವಾಗ?

ಮೇಡಂ: ಮ್ಯೂಟೆಕ್ಸ್ ಸಿಗದ ಕೋಡ್ ಸಿಪಿಯು ಬಿಟ್ಟು ನಿದ್ರಿಸಿ ಕಾಯುತ್ತದೆ, ಸ್ಪಿನ್‌ಲಾಕ್ ಸಿಗದ ಕೋಡ್ ಸುತ್ತುತ್ತಲೇ ಕಾಯುತ್ತದೆ. ಲಾಕ್ ಹಿಡಿದಿರುವಾಗ ಕೋಡ್ ನಿದ್ರೆಗೆ ಹೋಗಬಹುದಾದರೆ ಮ್ಯೂಟೆಕ್ಸ್. ಇಂಟರಪ್ಟ್ ಹ್ಯಾಂಡ್ಲರ್ (ಸಾಧನದಿಂದ ಸಂಕೇತ ಬಂದಾಗ ನಡುವೆಯೇ ಎದ್ದು ಓಡುವ ಕೋಡ್) ಕೂಡ ಅದೇ ಡೇಟಾ ಮುಟ್ಟುವುದಾದರೆ ಸ್ಪಿನ್‌ಲಾಕ್. ಹ್ಯಾಂಡ್ಲರ್‌ನ ಹೊರಗೆ ಅದನ್ನು ಹಿಡಿಯುವಾಗ ಇಂಟರಪ್ಟ್ ಮುಚ್ಚುವ ‘ಐಆರ್‌ಕ್ಯೂ ಸೇವ್’ ರೂಪವನ್ನೇ ಬಳಸಿ. ಬರೀ ಸ್ಪಿನ್‌ಲಾಕ್ ಹಿಡಿದಾಗ ಅದೇ ಸಿಪಿಯು ಮೇಲೆ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಆ ಲಾಕಿಗಾಗಿ ಸುತ್ತುತ್ತಲೇ ಇರುತ್ತದೆ, ಲಾಕ್ ಬಿಡಬೇಕಾದ ಕೋಡಿಗೆ ಸರದಿಯೇ ಬರುವುದಿಲ್ಲ. ಬೋರ್ಡ್ ಅಲ್ಲಿಗೇ ನಿಂತುಹೋಗುತ್ತದೆ.

ಬೆಟಗೇರಿ: ಸ್ಪಿನ್‌ಲಾಕ್ ಹಿಡಿದುಕೊಂಡೇ ‘ಕಾಪಿ ಟು ಯೂಸರ್’ (ಬಳಕೆದಾರನ ಪ್ರೋಗ್ರಾಂಗೆ ಡೇಟಾ ನಕಲಿಸುವ ಫಂಕ್ಷನ್) ಕರೆದಿದ್ದೇನೆ. ಒಂದು ವರ್ಷದಿಂದ ತೊಂದರೆ ಇಲ್ಲ. ಬಿಡಬಹುದೇ?

ಮೇಡಂ: ಬಿಡಬಾರದು. ಬಳಕೆದಾರನ ಆ ಪುಟ ಮೆಮೊರಿಯಲ್ಲಿ ಇಲ್ಲದ ದಿನ ಆ ಕರೆ ನಿದ್ರೆಗೆ ಹೋಗುತ್ತದೆ. ಲಾಕ್ ಒಳಗೆ ಸ್ಥಳೀಯ ಬಫರ್‌ಗೆ ನಕಲು ಮಾಡಿಕೊಳ್ಳಿ, ಲಾಕ್ ಬಿಡಿ, ಆಮೇಲೆ ಕಳುಹಿಸಿ. ಕರ್ನಲ್ ಕಟ್ಟುವಾಗ ‘ಡೀಬಗ್ ಅಟಾಮಿಕ್ ಸ್ಲೀಪ್’ ಆಯ್ಕೆ ಹಾಕಿದ್ದರೆ ಮೊದಲ ದಿನವೇ ಇದು ಎಚ್ಚರಿಸುತ್ತಿತ್ತು.

ಬ್ಯಾಡಗಿ: ನಮಸ್ಕಾರ ಮೇಡಂ. ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ತಾಪಮಾನ, ತೇವಾಂಶ ದಾಖಲಿಸುವ ಬೋರ್ಡ್ ಮಾಡಿದ್ದೇವೆ. ಸೆನ್ಸರ್‌ನ ಡ್ರೈವರ್ ನಾನೇ ಬರೆದದ್ದು. ಮೇಜಿನ ಮೇಲೆ ವಾರಗಟ್ಟಲೆ ಓಡುತ್ತದೆ, ಗೋದಾಮಿನಲ್ಲಿ ನಾಲ್ಕೈದು ದಿನಕ್ಕೊಮ್ಮೆ ಕರ್ನಲ್ ಬೀಳುತ್ತದೆ. ಒಮ್ಮೆ ಫೈಲ್ ಸಿಸ್ಟಂ ಕೋಡಿನಲ್ಲಿ, ಒಮ್ಮೆ ನೆಟ್‌ವರ್ಕ್ ಕೋಡಿನಲ್ಲಿ. ಮೆಮೊರಿ ಕಾರ್ಡ್ ಮೂರು ಸಲ ಬದಲಿಸಿದೆ. ಸ್ಲಬ್ ಡೀಬಗ್ (ಮೆಮೊರಿ ದೋಷ ಹುಡುಕುವ ಕರ್ನಲ್ ಆಯ್ಕೆ) ಹಾಕಿದ ಮೇಲೆ ನಿನ್ನೆ ಬಿದ್ದಾಗ ರಿಜಿಸ್ಟರ್‌ಗಳಲ್ಲಿ 6ಬಿ6ಬಿ6ಬಿ6ಬಿ ಎಂದು ಕಂಡಿತು. ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಒಂದು ವರ್ಕ್ ಅನ್ನು, ಅಂದರೆ ಆಮೇಲೆ ಮಾಡಬೇಕಾದ ಕೆಲಸವನ್ನು, ಸರದಿಗೆ ಹಾಕುತ್ತದೆ, ಆ ವರ್ಕ್ ಸೆನ್ಸರ್ ಓದುತ್ತದೆ. ಡ್ರೈವರ್ ತೆಗೆಯುವಾಗ ಓಡುವ ರಿಮೂವ್‌ನಲ್ಲಿ ಇರುವುದು ಒಂದೇ ಸಾಲು: ‘ಕ್ಯಾನ್ಸಲ್ ವರ್ಕ್ ಸಿಂಕ್’. ಮೆಮೊರಿ, ಇಂಟರಪ್ಟ್ ಎರಡನ್ನೂ ಡೆವ್‌ಎಂ ಕರೆಗಳಿಂದ ಪಡೆದಿದ್ದೇನೆ, ತಾವಾಗಿಯೇ ಬಿಡುಗಡೆಯಾಗುತ್ತವೆ.

ಗೋಕುಲ ರಸ್ತೆ: ಇನ್ನೊಂದು ಗುಂಪಿನಿಂದ ಬಂದ ಪರಿಹಾರ ಹಾಕುತ್ತಿದ್ದೇನೆ. 1) ರಿಮೂವ್ ಕೊನೆಗೆ 100 ಮಿಲಿಸೆಕೆಂಡ್ ‘ಎಂಸ್ಲೀಪ್’ (ಸುಮ್ಮನೆ ಕಾಯುವ ಕರೆ) ಹಾಕಿ. 2) ಹಂಚಿಕೊಂಡ ಎಲ್ಲ ವೇರಿಯಬಲ್‌ಗಳಿಗೆ ‘ವೊಲಟೈಲ್’ (ಪ್ರತಿ ಸಲ ಮೆಮೊರಿಯಿಂದ ಹೊಸದಾಗಿ ಓದು ಎಂಬ ಸೂಚನೆ) ಸೇರಿಸಿ. 3) ಮೆಮೊರಿ ಬಿಟ್ಟ ಮೇಲೆ ಪಾಯಿಂಟರ್‌ಗೆ (ಮೆಮೊರಿ ವಿಳಾಸ ಇಟ್ಟ ವೇರಿಯಬಲ್) ‘ನಲ್’ (ಖಾಲಿ) ಹಾಕಿ. ನೂರಕ್ಕೆ ನೂರು ಗುಣವಾಗುತ್ತದೆ. ಎಲ್ಲರಿಗೂ ತಲುಪಿಸಿ.

ಮೇಡಂ: ಬ್ಯಾಡಗಿಯವರೇ, ಫಾರ್ವರ್ಡ್ ಬಂದದ್ದನ್ನು ಸದ್ಯಕ್ಕೆ ಮುಟ್ಟಬೇಡಿ. ಒಂದು ಮಾತು ಹೇಳಿ: ಗೋದಾಮಿನಲ್ಲಿ ಡ್ರೈವರ್ ಅನ್ನು ಕಿತ್ತು ಹಾಕುವವರು ಯಾರು? ಮೇಜಿನ ಮೇಲೆ ರಿಮೂವ್ ಓಡುವುದೇ ಇಲ್ಲವಲ್ಲ.

ಬ್ಯಾಡಗಿ: ಸೆನ್ಸರ್ ಓದು ಸತತ ತಪ್ಪಿದರೆ ಡ್ರೈವರ್ ಅನ್‌ಬೈಂಡ್ ಮಾಡಿ (ಸಾಧನದಿಂದ ಬಿಡಿಸಿ) ಮತ್ತೆ ಬೈಂಡ್ ಮಾಡುವ ಸ್ಕ್ರಿಪ್ಟ್ ಇದೆ. ಕಂಪ್ರೆಸರ್ ಶುರುವಾದಾಗ ಹಾಗೆ ಆಗುತ್ತದೆ.

ಮೇಡಂ: ಹಾಗಾದರೆ ನಿಮ್ಮ ದೋಷ ಸಿಕ್ಕಿದೆ. ಅದು ನಿಮ್ಮ ಆ ಒಂದೇ ಸಾಲಿನ ಕೆಳಗೆ ಇದೆ, ಬರೆಯದೇ ಬಿಟ್ಟ ಜಾಗದಲ್ಲಿ.

6ಬಿ ಎಂಬುದು ಕರ್ನಲ್ ಹಚ್ಚಿದ ಗುರುತು. ಸ್ಲಬ್ ಡೀಬಗ್ ಇದ್ದಾಗ ಬಿಟ್ಟುಕೊಟ್ಟ ಮೆಮೊರಿಯ ಮೇಲೆಲ್ಲ ಅದನ್ನೇ ಬಳಿದಿಡುತ್ತದೆ. ಆ ಅಂಕಿ ರಿಜಿಸ್ಟರ್‌ನಲ್ಲಿ ಕಂಡರೆ ಯಾರೋ ಬಿಟ್ಟ ಮನೆಯೊಳಗೆ ಹೋಗಿ ಸಾಮಾನು ತಡಕುತ್ತಿದ್ದಾರೆ ಎಂದು ತಿಳಿಯಬೇಕು. ಡೀಬಗ್ ಇಲ್ಲದ ದಿನಗಳಲ್ಲಿ ಆ ಮನೆಗೆ ಹೊಸ ಬಾಡಿಗೆದಾರ ಬಂದಿರುತ್ತಿದ್ದ: ಒಮ್ಮೆ ಫೈಲ್ ಸಿಸ್ಟಂ, ಒಮ್ಮೆ ನೆಟ್‌ವರ್ಕ್. ಅದಕ್ಕೇ ಬೀಳುವ ಜಾಗ ಬದಲಾಗುತ್ತಿತ್ತು. ಕಾರ್ಡಿನದು ತಪ್ಪಿಲ್ಲ.

ಈಗ ಕ್ರಮ ನೋಡಿ. ರಿಮೂವ್‌ನಲ್ಲಿ ‘ಕ್ಯಾನ್ಸಲ್ ವರ್ಕ್ ಸಿಂಕ್’ ಓಡಿತು. ಸರದಿಯಲ್ಲಿದ್ದ ವರ್ಕ್ ಹೋಯಿತು, ಓಡುತ್ತಿದ್ದದ್ದು ಮುಗಿಯಿತು. ಆದರೆ ಇಂಟರಪ್ಟ್ ಇನ್ನೂ ಜೀವಂತ. ಡೆವ್‌ಎಂ ಅದನ್ನು ಬಿಡಿಸುವುದು ರಿಮೂವ್ ಮುಗಿದ ಮೇಲೆ. ಆ ಸಣ್ಣ ಸಂದಿಯಲ್ಲಿ ಒಂದು ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಮತ್ತೆ ವರ್ಕ್ ಹಾಕುತ್ತದೆ. ಆಮೇಲೆ ಇಂಟರಪ್ಟ್ ಬಿಡುಗಡೆ, ಅದರ ಹಿಂದೆಯೇ ಮೆಮೊರಿ ಬಿಡುಗಡೆ. ವರ್ಕ್ ಮಾತ್ರ ಸರದಿಯಲ್ಲೇ ಇದೆ, ಅದರ ರಚನೆ ಇದ್ದದ್ದೂ ಅದೇ ಮೆಮೊರಿಯ ಒಳಗೆ. ಕಂಪ್ರೆಸರ್ ಎದ್ದಾಗ ಗದ್ದಲಕ್ಕೆ ಇಂಟರಪ್ಟ್ ತಂತಿ ಕುಣಿಯುತ್ತದೆ, ಅದೇ ಗದ್ದಲಕ್ಕೆ ಓದೂ ತಪ್ಪುತ್ತದೆ, ಆಗಲೇ ನಿಮ್ಮ ಸ್ಕ್ರಿಪ್ಟ್ ಎದ್ದು ಅನ್‌ಬೈಂಡ್ ಮಾಡುತ್ತದೆ. ಇಂಟರಪ್ಟ್ ಅತಿ ಹೆಚ್ಚು ಸುರಿಯುವ ಗಳಿಗೆಯನ್ನೇ ಆರಿಸಿಕೊಂಡು ಬಾಗಿಲು ತೆಗೆಯುತ್ತಿದ್ದೀರಿ. ನನಗೆ ಹೆದರಿಕೆಯಾಗುವುದು ಇಲ್ಲಿಯೇ. ಇದು ಬೀಳದೆ ತಪ್ಪು ಅಂಕಿ ಬರೆದಿದ್ದರೆ ರೈತರ ಚೀಲಗಳ ತೇವಾಂಶದ ದಾಖಲೆ ಯಾರಿಗೂ ಗೊತ್ತಾಗದೆ ಕೆಡುತ್ತಿತ್ತು.

ತಿದ್ದುವ ದಾರಿ: ಡೆವ್‌ಎಂ ಪಡೆದದ್ದನ್ನು ತಿರುವುಮುರುವು ಕ್ರಮದಲ್ಲಿ ಬಿಡಿಸುತ್ತದೆ. ಪ್ರೋಬ್‌ನಲ್ಲಿ (ಡ್ರೈವರ್ ಸಾಧನಕ್ಕೆ ಸೇರುವಾಗ ಓಡುವ ಫಂಕ್ಷನ್) ಇಂಟರಪ್ಟ್ ಕೇಳುವ ಮೊದಲೇ, ವರ್ಕ್ ರದ್ದು ಮಾಡುವ ಫಂಕ್ಷನ್ ಅನ್ನು ‘ಡೆವ್‌ಎಂ ಆ್ಯಡ್ ಆ್ಯಕ್ಷನ್’ ಮೂಲಕ ನೋಂದಾಯಿಸಿ. ಆಗ ಮೊದಲು ಇಂಟರಪ್ಟ್ ಹೋಗುತ್ತದೆ, ನಂತರ ವರ್ಕ್, ಕೊನೆಗೆ ಮೆಮೊರಿ. ಪ್ರೋಬ್ ಅರ್ಧದಲ್ಲಿ ಸೋತರೂ ಇದೇ ಕ್ರಮ ನಡೆಯುತ್ತದೆ. ಯಾರ ಡ್ರೈವರ್ ಬಂದರೂ ನಾನು ಓದಲು ಆರಂಭಿಸುವುದು ರಿಮೂವ್‌ನಿಂದ. ಪ್ರತಿ ಮೆಮೊರಿ ಬಿಡುಗಡೆಯ ಎದುರು ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇನೆ: ಈ ಗಳಿಗೆಯಲ್ಲಿ ಇದನ್ನು ಇನ್ನೂ ಯಾರು ಹಿಡಿದಿದ್ದಾರೆ? ಇಂಟರಪ್ಟ್, ಟೈಮರ್, ವರ್ಕ್, ತೆರೆದ ಫೈಲ್, ಡಿಎಂಎ (ಸಿಪಿಯು ಇಲ್ಲದೆ ಸಾಧನವೇ ನೇರವಾಗಿ ಮೆಮೊರಿ ಮುಟ್ಟುವುದು). ಐದಕ್ಕೂ ಉತ್ತರ ಸಿಗದ ಹೊರತು ಮುಂದಿನ ಪುಟಕ್ಕೆ ಹೋಗುವುದಿಲ್ಲ.

ಗೋಕುಲ ರಸ್ತೆಯವರಿಗೆ: ‘ಎಂಸ್ಲೀಪ್’ ಹಾಕಿದರೆ ಸಂದಿ 100 ಮಿಲಿಸೆಕೆಂಡ್ ಅಗಲವಾಗುತ್ತದೆ, ಇಂಟರಪ್ಟ್ ಬರಲು ಇನ್ನಷ್ಟು ಹೊತ್ತು ಕೊಟ್ಟಂತೆ. ‘ನಲ್’ ಹಾಕಲು ಇಲ್ಲಿ ಪಾಯಿಂಟರೇ ಇಲ್ಲ, ವರ್ಕ್ ಇರುವುದು ಬಿಟ್ಟ ಮೆಮೊರಿಯಲ್ಲೇ. ‘ವೊಲಟೈಲ್’ ಲಾಕ್ ಅಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಇಬ್ಬರು ಗುಮಾಸ್ತರು ಒಂದೇ ಖಾತೆಯ ಮೊತ್ತ 40 ಎಂದು ಓದಿ, ತಲಾ ಒಂದು ಕೂಡಿಸಿ, ಇಬ್ಬರೂ 41 ಎಂದು ಬರೆದರೆ ಒಂದು ಚೀಲ ಕಳೆದುಹೋಗುತ್ತದೆ. ಖಾತೆಯನ್ನು ಪ್ರತಿ ಸಲ ಹೊಸದಾಗಿ ತೆರೆದು ಓದಿದರೂ ಕಳೆಯುತ್ತದೆ. ದಯವಿಟ್ಟು ಇದನ್ನು ಮುಂದೆ ಕಳುಹಿಸಬೇಡಿ.

ಗೋಕುಲ ರಸ್ತೆ: ನನ್ನ ಹಳೆಯ ಕಚೇರಿಯಲ್ಲಿ ‘ಎಂಸ್ಲೀಪ್’ ಹಾಕಿ ಸರಿಹೋಗಿತ್ತು ಮೇಡಂ. ಅನುಭವದಿಂದ ಹೇಳುತ್ತಿದ್ದೇನೆ.

ಮೇಡಂ: ಸರಿಹೋಗಿರಲಿಲ್ಲ. ಅಡಗಿತ್ತು.

ಸಪ್ತಾಪುರ, ಧಾರವಾಡ: ಈ ಗೋಳೆಲ್ಲ ಸಿ ಭಾಷೆಯಿಂದ ಬಂದದ್ದು. 2022ರ ಡಿಸೆಂಬರ್‌ನಲ್ಲಿ ಬಂದ 6.1 ಕರ್ನಲ್‌ನಿಂದಲೇ ರಸ್ಟ್ ಭಾಷೆ ಒಳಗೆ ಬಂದಿದೆ. ಅದರಲ್ಲಿ ಬರೆಯಿರಿ, ಪರಿಶೀಲನೆಯ ಅಗತ್ಯವೇ ಇರುವುದಿಲ್ಲ.

ರಾಣೆಬೆನ್ನೂರು: ಸರ್, ಗಿರಾಕಿಗೆ ಕೊಟ್ಟ ಬೋರ್ಡಿನ ಕರ್ನಲ್ 4.19. ಅದಕ್ಕೆ ರಸ್ಟ್ ಎಲ್ಲಿಂದ ತರುತ್ತೀರಿ?

ಸಪ್ತಾಪುರ, ಧಾರವಾಡ: ಹಳೆಯ ಕರ್ನಲ್‌ಗೆ ಅಂಟಿಕೊಂಡಿರುವುದೇ ನಿಮ್ಮ ಮೊದಲ ತಪ್ಪು.

ರಾಣೆಬೆನ್ನೂರು: ಬೋರ್ಡ್ ಕೊಟ್ಟವರು ಅದಕ್ಕಷ್ಟೇ ಬೆಂಬಲ ಕೊಡುತ್ತಾರೆ. ಕ್ಯಾಂಪಸ್ಸಿನಲ್ಲಿ ಕುಳಿತು ಹೇಳುವುದು ಸುಲಭ. ಗೋದಾಮಿಗೆ ಬಂದು ಒಂದು ರಾತ್ರಿ ನಿಂತು ನೋಡಿ.

ಸಪ್ತಾಪುರ, ಧಾರವಾಡ: ವೈಯಕ್ತಿಕವಾಗಿ ಮಾತನಾಡಬೇಡಿ. ನಾನೂ ಹನ್ನೆರಡು ವರ್ಷ ಕೆಲಸ ಮಾಡಿದವನೇ.

ಮೇಡಂ: ಇಬ್ಬರೂ ನಿಲ್ಲಿಸಿ. ರಸ್ಟ್ ಬಂದರೆ ಇಂಥ ಹಲವು ದೋಷಗಳು ಕಂಪೈಲ್ ಆಗುವಾಗಲೇ ಸಿಗುತ್ತವೆ, ನಿಜ. ಎರಡು ಲಾಕ್‌ಗಳನ್ನು ಅಡ್ಡಾದಿಡ್ಡಿ ಹಿಡಿದು ಸಿಕ್ಕಿಬೀಳುವುದನ್ನು ಅದೂ ತಡೆಯುವುದಿಲ್ಲ. ಬ್ಯಾಡಗಿಯವರ ಬೋರ್ಡ್ ಇಂದು ರಾತ್ರಿಯೇ ಬೀಳಬಹುದು, ಅದನ್ನು ನೋಡೋಣ.

ಲಕ್ಷ್ಮೇಶ್ವರ: ಡಿಎಂಎ ಬಫರ್ ಅನ್ನು ಸ್ಟ್ಯಾಕ್ ಮೇಲೆ ಇಟ್ಟರೆ ಕೆಲವು ಬೋರ್ಡುಗಳಲ್ಲಿ ಮಾತ್ರ ಕೆಡುತ್ತದೆ, ಏಕೆ?

ಕೇಶ್ವಾಪುರ, ಹುಬ್ಬಳ್ಳಿ: ಸ್ಪಿನ್‌ಲಾಕ್, ಮ್ಯೂಟೆಕ್ಸ್ ನಡುವಿನ ವ್ಯತ್ಯಾಸ ತಿಳಿಸಿ.

ಮೇಡಂ: ಮೊದಲ ಪ್ರಶ್ನೆಯ ಉತ್ತರ ಓದಿ.

ರಾಣೆಬೆನ್ನೂರು: ಲಾಕ್ ಹಿಡಿಯುವ ಕ್ರಮದ ತಪ್ಪು ಹುಡುಕುವ ಲಾಕ್‌ಡೆಪ್ ಹಾಕಿದ್ದೇನೆ ಮೇಡಂ. ಒಂದು ಎಚ್ಚರಿಕೆ ಕೊಟ್ಟಿತು, ಅದು ಬೇರೆ ಡ್ರೈವರ್‌ನದು. ಆಮೇಲೆ ಎಷ್ಟು ಓಡಿಸಿದರೂ ಏನೂ ಬರಲಿಲ್ಲ. ನನ್ನ ಲಾಕ್‌ಗಳು ಸರಿ ಇವೆ ಎಂದುಕೊಳ್ಳಬಹುದೇ?

ಮೇಡಂ: ಒಳ್ಳೆಯ ಪ್ರಶ್ನೆ. ಅಂದುಕೊಳ್ಳಬಾರದು. ಲಾಕ್‌ಡೆಪ್ ಒಮ್ಮೆ ಎಚ್ಚರಿಸಿದ ಮೇಲೆ ತಾನೇ ಆಫ್ ಆಗಿಬಿಡುತ್ತದೆ. ಆ ಬೇರೆ ಡ್ರೈವರ್‌ನ ದೋಷ ಮೊದಲು ತಿದ್ದಿ ಅಥವಾ ಅದನ್ನು ತೆಗೆದು, ಬೋರ್ಡ್ ಮತ್ತೆ ಬೂಟ್ ಮಾಡಿ ಓಡಿಸಿ. 2006ರಿಂದ ಕರ್ನಲ್‌ನಲ್ಲಿರುವ ಸಾಧನ ಅದು. ಸಿಕ್ಕಿಬೀಳುವ ಘಟನೆ ನಡೆಯಲೇಬೇಕೆಂದಿಲ್ಲ, ಎರಡು ಕ್ರಮಗಳೂ ಬೇರೆ ಬೇರೆ ಹೊತ್ತಿನಲ್ಲಿ ಒಮ್ಮೊಮ್ಮೆ ಓಡಿದ್ದರೆ ಸಾಕು, ಹಿಡಿಯುತ್ತದೆ. ಓಡದ ದಾರಿಯನ್ನು ಮಾತ್ರ ಹಿಡಿಯಲಾರದು. ದೋಷದ ದಾರಿಗಳನ್ನು ಕಣ್ಣಿಂದ ಓದಲೇಬೇಕು ಎನ್ನುವುದು ಅದಕ್ಕೆ.

ವಿದ್ಯಾನಗರ, ಹುಬ್ಬಳ್ಳಿ: ಮೇಡಂ, ಡ್ರೈವರ್ ಕಲಿತರೆ ಹುಬ್ಬಳ್ಳಿಯಲ್ಲೇ ಕೆಲಸ ಸಿಗುತ್ತದೆಯೇ? ಸಂಬಳ ಎಷ್ಟು?

ಗೋಕುಲ ರಸ್ತೆ: ಇನ್ನೊಂದು ಬಂದಿದೆ: ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ಮೆಮೊರಿ ಕೇಳುವಾಗ ‘ಜಿಎಫ್‌ಪಿ ಕರ್ನಲ್’ (ಮೆಮೊರಿಗಾಗಿ ಕಾಯಬಹುದಾದ ಕೋರಿಕೆ) ಬದಲು ‘ಜಿಎಫ್‌ಪಿ ಅಟಾಮಿಕ್’ ಹಾಕಿದರೆ ಎಂದಿಗೂ ವಿಫಲವಾಗುವುದಿಲ್ಲ.

ಮೇಡಂ: ಅರ್ಧ ಸತ್ಯ. ‘ಅಟಾಮಿಕ್’ ನಿದ್ರಿಸುವುದಿಲ್ಲ, ಕಾಯಲಾರದ ಕಾರಣಕ್ಕೇ ಬೇಗ ವಿಫಲವಾಗುತ್ತದೆ. ಮೆಮೊರಿ ಸಿಕ್ಕಿತೇ ಎಂಬ ‘ನಲ್’ ಪರೀಕ್ಷೆ ಬೇಕೇಬೇಕು. ಇನ್ನು ಫಾರ್ವರ್ಡ್‌ಗಳಿಗೆ ಉತ್ತರಿಸುವುದಿಲ್ಲ.

ಗೋಕುಲ ರಸ್ತೆ: ಒಳ್ಳೆಯದಕ್ಕೆ ಹಾಕಿದ್ದೆ. ಗೌರವವಿಲ್ಲದ ಗುಂಪಿನಲ್ಲಿ ಮಾತು ಬೇಡ.

ಬ್ಯಾಡಗಿ: ಮೇಡಂ, ಪಕ್ಕದಲ್ಲಿ ಇನ್ನೊಂದು ಬೋರ್ಡ್ ಇಟ್ಟು ಕೇಸ್ಯಾನ್ (ಬಿಟ್ಟ ಮೆಮೊರಿ ಮುಟ್ಟಿದರೆ ಹಿಡಿದು ವರದಿ ಮಾಡುವ ಸಾಧನ) ಹಾಕಿದ ಕರ್ನಲ್ ಕಟ್ಟಿದೆ. 512 ಎಂಬಿಯಲ್ಲಿ ಎಂಟನೇ ಒಂದು ಭಾಗ, 64 ಎಂಬಿ, ಅದರ ನೆರಳು ಮೆಮೊರಿಗೇ ಹೋಯಿತು. ಇಂಟರಪ್ಟ್ ಪಿನ್‌ಗೆ ಸಿಗ್ನಲ್ ಜನರೇಟರ್ ಕಟ್ಟಿ, ಅನ್‌ಬೈಂಡ್-ಬೈಂಡ್ ಸುತ್ತು ಹಚ್ಚಿದೆ. ಹಳೆಯ ಕೋಡ್ 37ನೇ ಸುತ್ತಿಗೆ ಸಿಕ್ಕಿಬಿತ್ತು. ವರದಿಯಲ್ಲಿ ಮೆಮೊರಿ ಪಡೆದದ್ದು ಪ್ರೋಬ್‌ನಲ್ಲಿ, ಬಿಟ್ಟದ್ದು ಡೆವ್‌ಎಂ, ಮುಟ್ಟಿದ್ದು ವರ್ಕ್. ನೀವು ಹೇಳಿದ ಹಾಗೆಯೇ. ತಿದ್ದಿದ ಮೇಲೆ 2000 ಸುತ್ತು ಮುಗಿದಿವೆ.

ಮೇಡಂ: ಬಹಳ ಸಂತೋಷ. ರಾತ್ರಿಯಿಡೀ ಓಡಲಿ. ಸ್ಕ್ರಿಪ್ಟಿನ ವಿಷಯದಲ್ಲಿ ಹೇಳಿದಿರಿ, ಓದು ತಪ್ಪಿದಾಗ ಮತ್ತೆ ಪ್ರಯತ್ನಿಸುವುದು ಯಾರು? ಡ್ರೈವರ್‌ನಲ್ಲಿ ಟೈಮರ್ ಇದೆಯೇ?

ಬ್ಯಾಡಗಿ: ಇದೆ ಮೇಡಂ. ಟೈಮರ್ ವರ್ಕ್ ಅನ್ನು ಎಬ್ಬಿಸುತ್ತದೆ. ಓದು ತಪ್ಪಿದರೆ ವರ್ಕ್ ಮತ್ತೆ ಟೈಮರ್ ಹಚ್ಚುತ್ತದೆ.

ಮೇಡಂ: ಹಾಗಾದರೆ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಎಬ್ಬಿಸುತ್ತದೆ. 6.2 ಕರ್ನಲ್‌ನಿಂದ ಈಚೆಗೆ ‘ಟೈಮರ್ ಶಟ್‌ಡೌನ್ ಸಿಂಕ್’ ಇದೆ, ಅದು ಟೈಮರ್ ಮತ್ತೆ ಹತ್ತದಂತೆ ಮಾಡುತ್ತದೆ. ಅದಾದ ಮೇಲೆ ವರ್ಕ್ ರದ್ದು ಮಾಡಿ. ನಿಮ್ಮ ಕರ್ನಲ್ ಯಾವುದು?

ಬ್ಯಾಡಗಿ: 5.10 ಮೇಡಂ.

ಮೇಡಂ: ಹಾಗಾದರೆ ರಚನೆಯಲ್ಲಿ ‘ನಿಲ್ಲುತ್ತಿದೆ’ ಎಂಬ ಒಂದು ಗುರುತು ಬೇಕು, ಟೈಮರ್ ಹಚ್ಚುವಾಗಲೂ ಗುರುತು ಬದಲಿಸುವಾಗಲೂ ಅದೇ ಸ್ಪಿನ್‌ಲಾಕ್ ಹಿಡಿದು ನೋಡಬೇಕು. ಕೋಡ್ ಕಳುಹಿಸಿ, ಇಂದೇ ನೋಡುತ್ತೇನೆ.

ಕೇಶ್ವಾಪುರ, ಹುಬ್ಬಳ್ಳಿ: ಮೊದಲ ಪ್ರಶ್ನೆ ಎಂದರೆ ಯಾವುದು ಮೇಡಂ?