ತ್ಸೊ ಮೊರಿರಿ ಕಲ್ಲು 90 ಕಿ.ಮೀ. ಆಳಕ್ಕೆ ಹೋಗಿ ಬಂದಿದೆ ಅಂತಾರಲ್ಲ, ಸಾಕ್ಷಿ ಏನು?

ಲಡಾಖ್_ಹೊರಟವಳು:
ಮುಂದಿನ ತಿಂಗಳು ಲಡಾಖಿನ ಪುಗಾ ಕಣಿವೆ, ತ್ಸೊ ಮೊರಿರಿ ಸರೋವರದ ಕಡೆ ಹೋಗ್ತಿದ್ದೇವೆ. ಅಲ್ಲಿನ ಕಲ್ಲುಗಳು ಒಂದು ಕಾಲದಲ್ಲಿ 90 ಕಿ.ಮೀ.ಗಿಂತ ಕೆಳಗೆ ಇಳಿದು ವಾಪಸ್ ಬಂದಿವೆ ಅಂತ ಓದಿದೆ. ಖಂಡದ ಕಲ್ಲು ಹಗುರ, ಮುಳುಗಲ್ಲ ಅಂತ ತಾನೇ ಶಾಲೆಯಲ್ಲಿ ಹೇಳಿಕೊಟ್ಟಿದ್ದು? ಹಾಗಿದ್ರೆ ಹೋಗಿದ್ದು ಹೇಗೆ, ಬಂದಿದ್ದು ಹೇಗೆ?

ಕಲ್ಲುಮಣ್ಣು:
ಸಾಕ್ಷಿ ಅಲ್ಲಿನ ಕಲ್ಲಿನಲ್ಲಿ ಸಿಕ್ಕಿರೋ ಕೋಸೈಟ್ ಅನ್ನೋ ಖನಿಜ. ಬೆಣಚುಕಲ್ಲಿನಲ್ಲಿರುವ ಅದೇ ಸಿಲಿಕಾ, ಆದರೆ ಪರಮಾಣುಗಳು ಇನ್ನೂ ಒತ್ತೊತ್ತಾಗಿ ಕೂತಿರುತ್ತವೆ. ಅದು ಹುಟ್ಟೋಕೆ ವಾತಾವರಣದ ಒತ್ತಡಕ್ಕಿಂತ ಸುಮಾರು 27 ಸಾವಿರ ಪಟ್ಟು ಒತ್ತಡ ಬೇಕು, ಅಂದರೆ ಸುಮಾರು 90 ಕಿ.ಮೀ. ಆಳದಲ್ಲಿರುವಷ್ಟು. 1953ರಲ್ಲಿ ಲೋರಿಂಗ್ ಕೋಸ್ ಲ್ಯಾಬಿನಲ್ಲಿ ತಯಾರಿಸಿದರು, ಆಮೇಲೆ ಉಲ್ಕೆ ಬಿದ್ದ ಗುಂಡಿಯಲ್ಲಿ ಸಿಕ್ಕಿತು. 1984ರಲ್ಲಿ ಇಟಲಿಯ ಆಲ್ಪ್ಸ್‌ನ ಡೋರಾ ಮೈರಾದಲ್ಲಿ, ಒಮ್ಮೆ ಭೂಮಿಯ ಮೇಲ್ಪದರದಲ್ಲೇ ಇದ್ದ ಕಲ್ಲಿನೊಳಗೆ ಕ್ರಿಶ್ಚಿಯನ್ ಶೋಪಾಂ ಅದನ್ನು ತೋರಿಸಿದಾಗ ಭೂವಿಜ್ಞಾನಿಗಳ ಲೆಕ್ಕವೇ ಬದಲಾಯ್ತು.

ನನಗೆ ತುಂಬಾ ಇಷ್ಟವಾಗೋದು ಅದು ಉಳಿದುಕೊಂಡ ರೀತಿ. ಗಾರ್ನೆಟ್ ಅನ್ನೋ ಕೆಂಪು ಖನಿಜದ ಹರಳು ಆಳದಲ್ಲಿ ಬೆಳೆಯುವಾಗ ಕೋಸೈಟ್ ಕಣವನ್ನು ಒಳಗೆ ಸೇರಿಸಿಕೊಳ್ಳುತ್ತೆ. ಕಲ್ಲು ಮೇಲೆ ಬರುವಾಗ ಆ ಕಣ ಬೆಣಚಾಗೋಕೆ ನೋಡುತ್ತೆ, ಆದರೆ ಹಾಗಾಗಬೇಕಾದರೆ ಶೇ. 10ರಷ್ಟು ಹಿಗ್ಗಬೇಕು, ಗಟ್ಟಿ ಗಾರ್ನೆಟ್ ಅದಕ್ಕೆ ಜಾಗ ಕೊಡಲ್ಲ, ಹಾಗಾಗಿ ಒಳಗಿನ ಒತ್ತಡ ಅಷ್ಟು ಬೇಗ ಇಳಿಯಲ್ಲ. ಕೊನೆಗೆ ಗಾರ್ನೆಟ್ ಸೀಳುತ್ತೆ. ಸೂಕ್ಷ್ಮದರ್ಶಕದಲ್ಲಿ ಮಧ್ಯೆ ಕೋಸೈಟ್, ಸುತ್ತ ಬೆಣಚಿನ ಅಂಚು, ಅಲ್ಲಿಂದ ಎಲ್ಲಾ ಕಡೆಗೂ ಹರಿದ ಬಿರುಕುಗಳು ಕಾಣುತ್ತವೆ. ಖಚಿತ ಮಾಡಿಕೊಳ್ಳೋಕೆ ರಾಮನ್ ಸ್ಪೆಕ್ಟ್ರಮ್ ತೆಗೀತಾರೆ, ಅಂದರೆ ಲೇಸರ್ ಬೆಳಕು ಬಿಟ್ಟು ಅದು ಚದುರುವ ರೀತಿಯಿಂದ ಖನಿಜ ಗುರುತಿಸ್ತಾರೆ. ಕೋಸೈಟ್ ಆದರೆ 521 cm⁻¹ ಹತ್ತಿರ ಗೆರೆ ಏಳುತ್ತೆ, ಬೆಣಚಾದರೆ 464 cm⁻¹ ಹತ್ತಿರ.

ತೆಥಿಸ್_ತೀರ:
ಹೋಗಿದ್ದು ಹೇಗೆ ಅಂದ್ರೆ, ಭಾರತದ ಭೂಭಾಗದ ಮುಂದೆ, ಭಾರತಕ್ಕೂ ಏಷ್ಯಾಕ್ಕೂ ನಡುವೆ ಹಿಂದೆ ಇದ್ದ ತೆಥಿಸ್ ಸಮುದ್ರದ ತಳ ಅಂಟಿಕೊಂಡೇ ಇತ್ತು. ಅದು ತಣ್ಣಗಿತ್ತು, ಭಾರವಿತ್ತು, ಏಷ್ಯಾದ ಕೆಳಗೆ ಇಳಿಯುತ್ತಾ ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಅಂಚನ್ನೂ ಜೊತೆಗೆ ಎಳೆದುಕೊಂಡು ಹೋಯ್ತು. ನಿಮ್ಮ ಶಾಲೆಯಲ್ಲಿ ಹೇಳಿದ್ದು ತಪ್ಪಲ್ಲ. ಹಗುರವಾಗಿದ್ದರಿಂದಲೇ ಅದು ವಾಪಸ್ ಬಂತು, ಕೆಳಗಿನ ತಳದಿಂದ ಕಳಚಿಕೊಂಡ ಕೂಡಲೇ, ನೀರಲ್ಲಿ ಅದುಮಿ ಹಿಡಿದ ತೆಂಗಿನಕಾಯಿ ಕೈಬಿಟ್ಟರೆ ಏಳುತ್ತಲ್ಲ, ಹಾಗೆ. ಬಂದಿದ್ದೂ ಬೇಗ. ನಿಧಾನವಾಗಿ ಬಂದಿದ್ದರೆ ಬಿಸಿಗೆ ಕೋಸೈಟ್ ಪೂರ್ತಿ ಬೆಣಚಾಗಿ ಹೋಗ್ತಿತ್ತು.

ಒತ್ತಡದ_ಲೆಕ್ಕ:
ಒಂದು ಮಾತು ಸೇರಿಸ್ತೀನಿ. ಒತ್ತಡದಿಂದ ಆಳ ಲೆಕ್ಕ ಹಾಕುವಾಗ ಮೇಲಿನ ಕಲ್ಲಿನ ತೂಕ ಮಾತ್ರ ಒತ್ತುತ್ತಿದೆ ಅಂತ ಇಟ್ಕೊಳ್ತೀವಿ. ಖಂಡಗಳು ಗುದ್ದುವಾಗ ಅಡ್ಡದಿಂದಲೂ ಹಿಂಡುತ್ತವೆ, ಹಾಗಾಗಿ ಆಳ ಅಷ್ಟಿರಲಿಕ್ಕಿಲ್ಲ ಅನ್ನೋರೂ ಇದ್ದಾರೆ. ನಾನು ಆಳದ ಪಕ್ಷವೇ. ಕಝಾಕಿಸ್ತಾನದ ಕೊಕ್ಚೆತಾವ್ ಕಲ್ಲುಗಳಲ್ಲಿ ಗಾರ್ನೆಟ್ ಒಳಗೆ ಪುಟಾಣಿ ವಜ್ರಗಳೇ ಇವೆ, ಅದಕ್ಕೆ 120 ಕಿ.ಮೀ. ಆಳದ ಒತ್ತಡ ಬೇಕು. ಅಷ್ಟನ್ನೂ ಬರೀ ಅಡ್ಡ ಹಿಂಡಿಕೆಗೆ ಕಟ್ಟೋದು ಕಷ್ಟ.

ಲಡಾಖ್_ಹೊರಟವಳು:
ಎಲ್ಲರಿಗೂ ಥ್ಯಾಂಕ್ಸ್! ಕೋಸೈಟ್ ಬರಿಗಣ್ಣಿಗೆ ಕಾಣುತ್ತಾ?

ಕಲ್ಲುಮಣ್ಣು:
ಇಲ್ಲ ಮೇಡಂ. ಆದರೆ ಅದನ್ನು ಹೊತ್ತ ಎಕ್ಲೊಗೈಟ್ ಅನ್ನೋ ಕಲ್ಲು ಕಾಣುತ್ತೆ. ತಿಳಿ ಬಣ್ಣದ, ಪಟ್ಟೆಪಟ್ಟೆಯಾದ ನೈಸ್ (gneiss) ಬಂಡೆಯ ನಡುವೆ ಕಡು ಹಸಿರು, ಕೆಲವೆಡೆ ಕಪ್ಪಗಾದ ಉಂಡೆಗಳನ್ನು ಹುಡುಕಿ. ಕೈಯಲ್ಲಿ ಹಿಡಿದರೆ ಅಕ್ಕಪಕ್ಕದ ಕಲ್ಲಿಗಿಂತ ಭಾರ ಜಾಸ್ತಿ ಅಂತ ಗೊತ್ತಾಗುತ್ತೆ. ಅದರಲ್ಲಿರೋ ಕೆಂಪು ಚುಕ್ಕೆಗಳೇ ಗಾರ್ನೆಟ್.